ಕಾಳು ಯಾವುದು, ಜೊಳ್ಳು ಯಾವುದು?

ಲಾಗಿನ್ ಆಗ್ತಿಲ್ಲ ಅಂತ ಸಪೋರ್ಟ್‌ನವರಿಗೆ ಬರೆದರೆ, ಎಷ್ಟೋ ಸಲ ಬರುವ ಮೊದಲ ಉತ್ತರ "ಒಂದು ಹಾರ್ ಫೈಲ್ ಕಳಿಸಿ" ಅಂತ. ಬ್ರೌಸರ್ ಮತ್ತು ಸರ್ವರ್ ನಡುವಿನ ಮಾತುಕತೆಯನ್ನು ಇದ್ದದ್ದು ಇದ್ದ ಹಾಗೇ ಬರೆದಿಟ್ಟ ಫೈಲು ಅದು. ದೋಷ ಹುಡುಕೋದಕ್ಕೆ ತುಂಬಾ ಉಪಯೋಗ. ಆದರೆ ಅದರೊಳಗೆ ನಿಮ್ಮ ಸೆಷನ್ ಟೋಕನ್ ಕೂಡ ಇರಬಹುದು. ಅವಧಿ ಮುಗಿಯದ ಟೋಕನ್ ಸಿಕ್ಕವನಿಗೆ ಸಾಮಾನ್ಯವಾಗಿ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ.

2023ರಲ್ಲಿ ಓಕ್ಟಾದಲ್ಲಿ ಆಗಿದ್ದು ಇದೇ. ಸಾವಿರಾರು ಕಂಪನಿಗಳ ಲಾಗಿನ್ ಕಾಯುವ ಅಮೆರಿಕದ ಕಂಪನಿ ಅದು. ಕಳ್ಳ ನುಗ್ಗಿದ್ದು ಗ್ರಾಹಕರು ದೂರಿನ ಜೊತೆ ಫೈಲು ಹಾಕುವ ಸಪೋರ್ಟ್ ವ್ಯವಸ್ಥೆಗೆ. 134 ಗ್ರಾಹಕರ ಫೈಲುಗಳು ಅವನ ಕೈಗೆ ಸಿಕ್ಕವು, ಐವರ ಸೆಷನ್‌ಗಳನ್ನು ಅಪಹರಿಸಿದ. ಬಿಯಾಂಡ್‌ಟ್ರಸ್ಟ್ ಕಂಪನಿಯ ಅಡ್ಮಿನ್ ಫೈಲು ಹಾಕಿ ಅರ್ಧ ಗಂಟೆಯೊಳಗೆ ಅದರಲ್ಲಿದ್ದ ಕುಕೀ ಬಳಕೆಯಾಗಿತ್ತು.

ಆಮೇಲೆ ಓಕ್ಟಾ ಕೊಟ್ಟ ಸಲಹೆ: ಫೈಲು ಕಳಿಸುವ ಮುಂಚೆ ಟೋಕನ್, ಕುಕೀಗಳನ್ನು ತೆಗೆದುಹಾಕಿ.

ನನ್ನ ತಕರಾರು ಇರೋದು ಇಲ್ಲೇ. ನಾನೂ ಆನ್-ಕಾಲ್ ಮಾಡುವವನು. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದು, ಬ್ರಿಡ್ಜ್ ಕಾಲ್‌ನಲ್ಲಿ ಮ್ಯಾನೇಜರು "ಇನ್ನೂ ಎಷ್ಟೊತ್ತು?" ಅಂತ ಐದೈದು ನಿಮಿಷಕ್ಕೆ ಕೇಳ್ತಿರುವಾಗ, ಸಾವಿರಾರು ಸಾಲುಗಳಲ್ಲಿ ಕಾಳು ಯಾವುದು, ಜೊಳ್ಳು ಯಾವುದು ಅಂತ ಕೇರುತ್ತಾ ಕೂರೋರು ಯಾರು? ಮೊರ ಹಿಡಿಯಬೇಕಾದವರು ಫೈಲು ಕೇಳಿದವರು.

ನವೆಂಬರಿನಲ್ಲಿ ಬಂದ ವಿವರಣೆಯ ಧಾಟಿಯೂ ಹೀಗೇ. ಉದ್ಯೋಗಿಯೊಬ್ಬರು ಆಫೀಸ್ ಲ್ಯಾಪ್‌ಟಾಪಿನಲ್ಲಿ ಸ್ವಂತ ಗೂಗಲ್ ಖಾತೆಗೆ ಲಾಗಿನ್ ಆಗಿದ್ದರು, ಸರ್ವಿಸ್ ಅಕೌಂಟಿನ ಪಾಸ್‌ವರ್ಡ್ ಬಹುಶಃ ಅಲ್ಲಿಂದ ಹೋಯಿತು ಅಂತ. ಇರಬಹುದು. ಆದರೆ ಅಷ್ಟೊಂದು ಗ್ರಾಹಕರ ಫೈಲುಗಳು ಒಂದೇ ಅಕೌಂಟಿಗೆ ತೆರೆದುಕೊಳ್ಳುವ ಹಾಗೆ ಇಟ್ಟದ್ದು ಆ ಉದ್ಯೋಗಿಯಲ್ಲವಲ್ಲ!

ಇದಕ್ಕೆ ಪರಿಹಾರ ಕಷ್ಟವೇನೂ ಇರಲಿಲ್ಲ. ಏಟು ತಿಂದವರಲ್ಲಿ ಒಬ್ಬರಾದ ಕ್ಲೌಡ್‌ಫ್ಲೇರ್ 2023ರ ಅಕ್ಟೋಬರಿನಲ್ಲೇ ಹಾರ್ ಫೈಲ್ ಸ್ವಚ್ಛಗೊಳಿಸುವ ಟೂಲ್ ಕೊಟ್ಟಿತು. 2024ರಲ್ಲಿ ಕ್ರೋಮ್ 130, ಕುಕೀಗಳನ್ನು ಬಿಟ್ಟೇ ಫೈಲು ಉಳಿಸುವುದನ್ನು ಡೀಫಾಲ್ಟ್ ಮಾಡಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯ್ತು, ನಿಜ. ಆದರೂ ನಿದ್ದೆಗಣ್ಣಿನ ಇಂಜಿನಿಯರ್ ನೆನಪಿಟ್ಟುಕೊಳ್ಳಬೇಕಾದ್ದು ಒಂದು ಕಡಿಮೆಯಾಯ್ತು.

ನಿಮ್ಮ ಟೀಮಿನಲ್ಲೂ ಗಡಿಬಿಡಿಯಲ್ಲಿ ಯಾರಾದರೂ "ಲಾಗ್ ಪೂರ್ತಿ ಕಳಿಸಿ" ಅಂದರೆ, ಅದನ್ನು ಯಾರ್‍ಯಾರು ನೋಡ್ತಾರೆ, ಯಾವಾಗ ಅಳಿಸ್ತಾರೆ ಅಂತ ಕೇಳಿ. ಉತ್ತರ ಬರೋವರೆಗೆ ಅಪ್‌ಲೋಡ್ ಒತ್ತಬೇಡಿ.