ಚೋಮನ ಸಾಲದ ಲೆಕ್ಕ ಬರೆದವರು ಯಾರು?

ಶಿವರಾಮ ಕಾರಂತರ 'ಚೋಮನ ದುಡಿ' (1933) ಬಗ್ಗೆ ಬರೆದವರು ಹೆಚ್ಚಾಗಿ ದುಡಿಯ ಸದ್ದಿಗೆ ಕಿವಿಗೊಟ್ಟಿದ್ದಾರೆ, ಚೋಮನ ಬೇಸಾಯದ ಆಸೆಗೆ ಮರುಗಿದ್ದಾರೆ. ಸರಿಯೇ. ಆದರೆ ಅಲ್ಲಿ ಸದ್ದೇ ಮಾಡದ ಇನ್ನೊಂದು ವಸ್ತುವಿದೆ: ಕಾಫಿ ತೋಟದ ಸಾಲದ ಲೆಕ್ಕ.

ಚೋಮನಿಗೆ ಇಬ್ಬರು ಧಣಿಗಳು. ಊರಿನ ಸಂಕಪ್ಪಯ್ಯನ ಜೊತೆ ಕಾಗದವಿಲ್ಲ, ಇರೋದು ತಲೆತಲಾಂತರದ ನಂಬಿಕೆ. ಆತ ಕೆಟ್ಟವನಲ್ಲ, ಮನಸ್ಸು ಕರಗುತ್ತದೆ. ಆದರೆ ಹೊಲೆಯನಿಗೆ ಭೂಮಿ ಕೊಡೋ ಮಾತು ಬಂದಾಗ ಮನೆಯ ಸಂಪ್ರದಾಯ ಅಡ್ಡ ನಿಲ್ಲುತ್ತದೆ. ಕೇಳೋಕೆ ಚೋಮನ ಕೈಲಿ ಏನಿದೆ?

ತೋಟದ ಮಾಲೀಕನ ಜೊತೆ ಲೆಕ್ಕವಿದೆ, ಬಡ್ಡಿಯಿದೆ, ವಸೂಲಿಗೆ ಮನ್ವೇಲನಿದ್ದಾನೆ. ಸಾಲ ತೀರಿಸೋಕೆ ಹೋದ ಚನಿಯ ಜ್ವರ ಹೊತ್ತು ಬಂದು ಸಾಯುತ್ತಾನೆ. ಗುರುವ ಮನೆಗೆ ಮರಳೋದೇ ಇಲ್ಲ. ಕೊನೆಗೆ ಬೆಳ್ಳಿಯ ಮೈ ಬಳಸಿಕೊಂಡ ಮೇಲೆ ಸಾಲ ಹರಿಯುತ್ತದೆ. ಇದು ಯಾವ ಕರಾರಿನ ಯಾವ ಷರತ್ತು?

ಇದು ಬರೀ ಕಲ್ಪನೆಯಲ್ಲ. ಮುಂಗಡ ಪಡೆದ ಕೆಲಸಗಾರ ಕರಾರು ಮುರಿದರೆ ಜೈಲಿಗೆ ಕಳಿಸಲು ಬ್ರಿಟಿಷರ 1859ರ ಕಾಯ್ದೆಯಲ್ಲಿ ಅವಕಾಶವಿತ್ತು. ಮಾತು ತಪ್ಪಿದ ಮಾಲೀಕನಿಗೆ ಅಂಥ ಶಿಕ್ಷೆ ಇರಲಿಲ್ಲ. ದಕ್ಷಿಣದ ತೋಟದ ಮಾಲೀಕರು ಅದನ್ನು ಚೆನ್ನಾಗಿಯೇ ಬಳಸಿಕೊಂಡರು. ಆ ಕಾಯ್ದೆಯನ್ನು ರದ್ದು ಮಾಡಿದ್ದು 1925ರಲ್ಲಿ. ಕಾಯ್ದೆ ಹೋದರೂ ಲೆಕ್ಕ ಬರೆಯೋ ಕೈ ಬದಲಾಗಲಿಲ್ಲ.

1938ರಲ್ಲಿ ಬೊಂಬಾಯಿ ಸರ್ಕಾರ ಕೈಗಾರಿಕಾ ವಿವಾದ ಮಸೂದೆ ತಂದಿತು. ಮೊದಲು ಸಂಧಾನ, ಅದು ಮುಗಿಯೋ ಮುಂಚೆ ಮುಷ್ಕರ ಹೂಡಿದರೆ ಶಿಕ್ಷೆ. ಸಾಮರಸ್ಯ ಅನ್ನೋ ಮಾತು ಕೇಳೋಕೆ ಚಂದ. ಡಾ. ಅಂಬೇಡ್ಕರ್ ವಿಧಾನಸಭೆಯಲ್ಲೇ ಎದ್ದು ವಿರೋಧಿಸಿದರು. ದುಡಿಮೆಯ ಕರಾರು ಮುರಿಯೋದನ್ನು ಅಪರಾಧ ಮಾಡಿದರೆ ಮನುಷ್ಯನನ್ನು ಗುಲಾಮ ಮಾಡಿದಂತೆ ಎಂಬುದು ಅವರ ವಾದ. ಆ ವರ್ಷ ನವೆಂಬರ್ 7ರಂದು ಬೊಂಬಾಯಿಯ ಕಾರ್ಮಿಕರು ಮುಷ್ಕರ ಹೂಡಿದರು.

ಚೋಮನಿಗೆ ಸಿಗದೇ ಹೋದದ್ದು ಇದೇ. ಕಾರಂತರ ಕರುಣೆ ದೊಡ್ಡದು, ಆದರೆ ಅವರು ಚೋಮನನ್ನು ಒಂಟಿಯಾಗಿ ನಿಲ್ಲಿಸುತ್ತಾರೆ. ತೋಟದ ಆಳುಗಳೆಲ್ಲ ಒಟ್ಟಾಗಿ 'ಲೆಕ್ಕ ತೋರಿಸಿ' ಅಂತ ಕೇಳೋ ಗಳಿಗೆ ಕಾದಂಬರಿಯಲ್ಲಿ ಬರೋದೇ ಇಲ್ಲ. ಕರುಣೆಯಿಂದ ಕಂಡವನು ನರಳುತ್ತಾನೆ, ದುಡಿ ಬಡಿಯುತ್ತಾನೆ, ಸಾಯುತ್ತಾನೆ, ಸಂಘ ಕಟ್ಟೋದಿಲ್ಲ.

ಇವತ್ತೂ ಗುತ್ತಿಗೆ ಕಾರ್ಮಿಕನಿಗೆ ಕೆಲಸದ ಹೊತ್ತಲ್ಲಿ 'ನಾವೆಲ್ಲ ಒಂದೇ ಮನೆಯವರು' ಅಂತಾರೆ, ಸಂಬಳದ ಹೊತ್ತಲ್ಲಿ 'ಗುತ್ತಿಗೆದಾರನ್ನ ಕೇಳು' ಅಂತಾರೆ. ನಂಬಿಕೆ ಬೇಡ ಅಂತಲ್ಲ. ಇಬ್ಬರೂ ಲೆಕ್ಕ ಓದಬಲ್ಲ, ಇಬ್ಬರೂ 'ಆಗೋಲ್ಲ' ಅನ್ನಬಲ್ಲ ಕಡೆ ಮಾತ್ರ ನಂಬಿಕೆಗೆ ಅರ್ಥ. ಮೇಷ್ಟ್ರುಗಳು ಈ ಕಾದಂಬರಿ ಪಾಠ ಮಾಡುವಾಗ ಮಕ್ಕಳಿಗೆ ದುಡಿಯ ಸದ್ದನ್ನು ಕೇಳಿಸಲಿ, ಆ ಲೆಕ್ಕವನ್ನೂ ಬಿಡಿಸಿ ತೋರಿಸಲಿ.