ರೈಲುಜಾಲದ ಭೌತಶಾಸ್ತ್ರವೂ ಇತಿಹಾಸದ ಪ್ರಶ್ನೆಯೂ

ಈಚಿನ ದಶಕಗಳಲ್ಲಿ ಭೌತಶಾಸ್ತ್ರಜ್ಞರು ಮಾನವನಿರ್ಮಿತ ಜಾಲಗಳತ್ತಲೂ ದೃಷ್ಟಿ ಹರಿಸಿರುವರು. ವಿಶಾಲವಾದ ಜಾಲದಲ್ಲಿಯೂ ದೂರದ ಕೊಂಡಿಗಳು ಕೆಲವಿದ್ದರೆ ಸಾಕು, ಯಾವ ಬಿಂದುವಿನಿಂದಲಾದರೂ ಇನ್ನೊಂದನ್ನು ಸ್ವಲ್ಪ ಹೆಜ್ಜೆಗಳಲ್ಲಿ ಮುಟ್ಟಬಹುದೆಂದು 1998ರಲ್ಲಿ ವಾಟ್ಸ್ ಮತ್ತು ಸ್ಟ್ರೋಗ್ಯಾಟ್ಸ್ ತೋರಿಸಿದರು. ಇಂಥ ಜಾಲಕ್ಕೆ 'ಕಿರುಜಗತ್ತು' ಎನ್ನಬಹುದು. ಭಾರತದ ರೈಲುಜಾಲವೂ ಕಿರುಜಗತ್ತೇ ಎಂಬುದು ಕಲಕತ್ತೆಯ ಭೌತಶಾಸ್ತ್ರಜ್ಞೆ ಪರಂಗಮಾ ಸೇನ್ ಮತ್ತು ಅವರ ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರತಿಪಾದನೆ. 587 ನಿಲ್ದಾಣಗಳನ್ನೂ 579 ಗಾಡಿಗಳನ್ನೂ ಅವರು ಪರಿಶೀಲನೆಗೆ ತೆಗೆದುಕೊಂಡಿರುವರು.

ಪ್ರಬಂಧದ ತಿರುಳು ಅದರ ವ್ಯಾಖ್ಯೆಯಲ್ಲಿದೆ. ಒಂದೇ ಗಾಡಿ ಎರಡು ನಿಲ್ದಾಣಗಳಲ್ಲಿಯೂ ನಿಲ್ಲುವುದಾದರೆ ಅವುಗಳ ನಡುವೆ ಒಂದು ಕೊಂಡಿಯಿದೆಯೆಂದು ಎಣಿಸಲಾಗಿದೆ. ಆದುದರಿಂದ ಇಲ್ಲಿ ದೂರವೆಂದರೆ ಮೈಲಿಗಳಲ್ಲ. ಪ್ರಯಾಣಿಕನು ಕನಿಷ್ಠ ಎಷ್ಟು ಗಾಡಿಗಳನ್ನು ಹತ್ತಬೇಕು ಎಂಬುದು. ಹಳಿಯನ್ನು ಬಿಟ್ಟು ಪ್ರಯಾಣಿಕನ ಅನುಕೂಲವನ್ನು ಅಳೆದಿರುವುದು ಶ್ಲಾಘನೀಯ.

ಈ ವ್ಯಾಖ್ಯೆಯ ಬೆಲೆಯನ್ನು ನಮ್ಮ ಭಾಗದ ಮಿರಜ-ಲೋಂಡಾ ಮಾರ್ಗದಲ್ಲಿಯೇ ಕಾಣಬಹುದು. ಸದರ್ನ್ ಮರಾಠಾ ರೈಲ್ವೆ ಕಂಪನಿಯು ಇದನ್ನು ಮೀಟರ್‌ಗೇಜಿನಲ್ಲಿ ಹಾಕಿತು. ಮುಂದೆ ಪುಣೆಯ ಕಡೆಯಿಂದ ಮಿರಜದವರೆಗೆ ಬ್ರಾಡ್‌ಗೇಜ್ ಬಂದ ಮೇಲೂ ಮಿರಜದಿಂದ ದಕ್ಷಿಣಕ್ಕೆ ಹಲವು ವರುಷ ಮೀಟರ್‌ಗೇಜೇ ಉಳಿಯಿತು. ಆಗ ಕುಡಚಿ, ರಾಯಬಾಗಗಳ ಪ್ರಯಾಣಿಕನು ಪುಣೆಗೆ ಹೋಗಲು ಮಿರಜದಲ್ಲಿ ಇಳಿದು ಗಾಡಿ ಬದಲಿಸಲೇಬೇಕಾಗಿತ್ತು. ಗಂಟುಮೂಟೆಗಳೂ ವ್ಯಾಪಾರದ ಸರಕೂ ಅಲ್ಲಿಯೇ ಇಳಿದು ಏರಬೇಕಾಗಿದ್ದವು. 1990ರ ದಶಕದಲ್ಲಿ ಈ ಮಾರ್ಗವೂ ಬ್ರಾಡ್‌ಗೇಜ್ ಆಯಿತು. ಮೈಲಿ ಒಂದೂ ಕಡಿಮೆಯಾಗಲಿಲ್ಲ. ಆದರೆ ನೇರ ಗಾಡಿ ನಿಲ್ಲುವ ಊರುಗಳಿಗೆ ಎರಡು ಕೊಂಡಿಗಳ ದೂರ ಒಂದಕ್ಕಿಳಿಯಿತು.

ಪ್ರಬಂಧದ ಕೊರತೆಯೂ ಇಲ್ಲಿಯೇ ತೋರುವುದು. ವಾರಕ್ಕೊಮ್ಮೆ ಬರುವ ಗಾಡಿಗೂ ನಿತ್ಯದ ಗಾಡಿಗೂ ಅದು ಒಂದೇ ಬೆಲೆ ಕೊಡುತ್ತದೆ. ರಾತ್ರಿ ಎರಡು ಗಂಟೆಗೆ ಬಂದ ಗಾಡಿಯೂ ಕೊಂಡಿಯೇ. ಸಣ್ಣ ನಿಲ್ದಾಣದ ರೈತನಿಗೂ ವಿದ್ಯಾರ್ಥಿಗೂ ಇದರಿಂದ ಜಗತ್ತು ಕಿರಿದಾಗಲಾರದು. ಇದಕ್ಕಿಂತ ಮುಖ್ಯವಾಗಿ, ಪ್ರಬಂಧವು ಒಂದು ಕಾಲದ ವೇಳಾಪಟ್ಟಿಯನ್ನು ನೋಡುತ್ತದೆಯೇ ಹೊರತು ಜಾಲವು ಆ ರೂಪ ತಾಳಿದ ಬಗೆಯನ್ನಲ್ಲ. ಮಿರಜವು ದೊಡ್ಡ ಜಂಕ್ಷನ್ ಆದುದು ಗಣಿತದ ನಿಯಮವೊಂದರಿಂದಲೇ ಅಲ್ಲ; ಕಂಪನಿಗಳ, ಸಂಸ್ಥಾನಗಳ ಮತ್ತು ಸರಕಾರದ ನಿರ್ಧಾರಗಳಿಂದ.

ಹಾಗೆಂದು ಈ ಪದ್ಧತಿಯನ್ನು ಇತಿಹಾಸಕಾರರು ತಳ್ಳಿಹಾಕುವುದು ಸಲ್ಲದು. ದಶಕಕ್ಕೊಂದರಂತೆ ಹಳೆಯ ವೇಳಾಪಟ್ಟಿಗಳನ್ನು ಕೂಡಿಸಿ ಇದೇ ವ್ಯಾಖ್ಯೆಯಿಂದ ಎಣಿಸಿದರೆ, ಯಾವ ಊರು ಯಾವಾಗ ಹತ್ತಿರವಾಯಿತು, ಯಾವುದು ದೂರವೇ ಉಳಿಯಿತು ಎಂಬುದು ನಿಶ್ಚಿತವಾಗಿ ತಿಳಿಯುವುದು. ಭೌತಶಾಸ್ತ್ರವು ಅಳತೆಗೋಲನ್ನು ಕೊಟ್ಟಿದೆ; ಅದಕ್ಕೆ ಕಾಲವನ್ನು ಕೂಡಿಸುವ ಕೆಲಸ ನಮ್ಮ ವಿದ್ಯಾರ್ಥಿಗಳಿಗಾಗಿ ಕಾದಿದೆ.