ಬದುಕಿ ಉಳಿದವಳ ಎರಡು ಉತ್ತರಕಥೆಗಳು: ‘ಹ್ಯಾಲೋವೀನ್’ ಚಿತ್ರಗಳನ್ನು ಕುರಿತು

ಭಯವನ್ನೇ ಪ್ರಧಾನವಾಗಿರಿಸಿಕೊಂಡು ನಿರ್ಮಿತವಾಗುವ ಚಲಚ್ಚಿತ್ರಗಳಲ್ಲಿ ‘ಸ್ಲ್ಯಾಷರ್’ ಎಂದು ಕರೆಯಲ್ಪಡುವ ಒಂದು ಪ್ರಭೇದವುಂಟು. ಮುಖವಾಡ ಧರಿಸಿದ ಕೊಲೆಗಾರನೊಬ್ಬ ಚೂರಿಯನ್ನೋ ಕೊಡಲಿಯನ್ನೋ ಹಿಡಿದು ತರುಣ ತರುಣಿಯರನ್ನು ಒಬ್ಬೊಬ್ಬರನ್ನಾಗಿ ಕೊಲ್ಲುತ್ತ ಬರುವುದು, ಕೊನೆಗೆ ಒಬ್ಬ ಹುಡುಗಿ ಮಾತ್ರ ಬದುಕಿ ಉಳಿಯುವುದು, ಇದು ಅದರ ಸ್ಥೂಲರೂಪ. ಸಾಹಿತ್ಯದ ವಿದ್ಯಾರ್ಥಿಗಳು ಇಂಥ ಚಿತ್ರಗಳನ್ನು ಕೀಳೆಂದು ತಳ್ಳಿಹಾಕುವುದು ಸಹಜ; ಅವುಗಳಲ್ಲಿ ಹೆಚ್ಚಿನವು ಆ ತಿರಸ್ಕಾರಕ್ಕೆ ಅರ್ಹವಾಗಿಯೂ ಇವೆ. ಆದರೆ 1987ರಲ್ಲಿ ಕ್ಯಾರಲ್ ಕ್ಲೋವರ್ ಎಂಬ ಅಮೆರಿಕದ ವಿದುಷಿ ಈ ಪ್ರಭೇದವನ್ನು ಕುರಿತು ಪ್ರಬಂಧ ಬರೆದು, ಕೊನೆಗೆ ಉಳಿಯುವ ಆ ಹುಡುಗಿಗೆ ‘ಫೈನಲ್ ಗರ್ಲ್’ ಎಂಬ ಹೆಸರನ್ನಿತ್ತ ಮೇಲೆ ವಿದ್ವಾಂಸರ ಗಮನ ಇತ್ತ ಹರಿಯಿತು. ಅವಳು ಹೇಗೆ ಉಳಿದಳು ಎಂಬುದನ್ನು ಕುರಿತು ಸಾಕಷ್ಟು ಚರ್ಚೆ ನಡೆದಿದೆ. ಉಳಿದ ಮೇಲೆ ಹೇಗೆ ಬಾಳಿದಳು ಎಂಬುದು ಬೇರೆಯ ಪ್ರಶ್ನೆ. ಪ್ರಕೃತ ಲೇಖನದಲ್ಲಿ ನಾವು ಎತ್ತಿಕೊಂಡಿರುವುದು ಈ ಎರಡನೆಯ ಪ್ರಶ್ನೆಯನ್ನು.

ಇದಕ್ಕೆ ಆಧಾರವಾಗಿ ನಾವು ಆರಿಸಿಕೊಂಡಿರುವುದು ‘ಹ್ಯಾಲೋವೀನ್’ ಚಿತ್ರಮಾಲೆ. ಮೊದಲನೆಯ ಚಿತ್ರ 1978ರದು. ಜಾನ್ ಕಾರ್ಪೆಂಟರ್ ಅದರ ನಿರ್ದೇಶಕರು. ಡೆಬ್ರಾ ಹಿಲ್ ಅವರೊಡನೆ ಕಥೆಯನ್ನು ಬರೆದವರೂ, ಸಂಗೀತವನ್ನು ಒದಗಿಸಿದವರೂ ಅವರೇ. ಸುಮಾರು ಮೂರು ಲಕ್ಷ ಡಾಲರುಗಳ ಅಲ್ಪವೆಚ್ಚದಲ್ಲಿ ತಯಾರಾದ ಚಿತ್ರವದು. ಇಲಿನಾಯ್ ಪ್ರಾಂತದ ಹ್ಯಾಡನ್‌ಫೀಲ್ಡ್ ಎಂಬ ಕಲ್ಪಿತ ಊರಿನಲ್ಲಿ 1963ರ ಅಕ್ಟೋಬರ್ 31ರ ರಾತ್ರಿ ಆರು ವರ್ಷದ ಮೈಕಲ್ ಮೈಯರ್ಸ್ ತನ್ನ ಅಕ್ಕನನ್ನು ಇರಿದು ಕೊಲ್ಲುತ್ತಾನೆ. ಹದಿನೈದು ವರ್ಷಗಳ ತರುವಾಯ ಮಾನಸಿಕ ಚಿಕಿತ್ಸಾಲಯದಿಂದ ತಪ್ಪಿಸಿಕೊಂಡು ಅದೇ ಊರಿಗೆ ಹಿಂದಿರುಗಿ, ಹಬ್ಬದ ಅದೇ ರಾತ್ರಿ ಮತ್ತೆ ಕೊಲೆಗಳನ್ನು ಮಾಡುತ್ತಾನೆ. ನೆರೆಮನೆಯ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಲಾರಿ ಸ್ಟ್ರೋಡ್ ಎಂಬ ಹದಿನೇಳರ ಹುಡುಗಿ ಹೆಣಿಗೆಯ ಸೂಜಿ, ಬಟ್ಟೆ ತೂಗುಹಾಕುವ ತಂತಿ ಮೊದಲಾದ ಕೈಗೆ ಸಿಕ್ಕ ವಸ್ತುಗಳಿಂದಲೇ ಅವನನ್ನು ಎದುರಿಸಿ ಪಾರಾಗುತ್ತಾಳೆ. ವೈದ್ಯ ಲೂಮಿಸ್ ಹಾರಿಸಿದ ಗುಂಡುಗಳಿಗೆ ಸಿಕ್ಕಿ ಮೈಕಲ್ ಮಹಡಿಯ ಮೊಗಸಾಲೆಯಿಂದ ಕೆಳಗುರುಳುತ್ತಾನೆ. ಲೂಮಿಸ್ ಮತ್ತೆ ಬಗ್ಗಿ ನೋಡಿದಾಗ ಹುಲ್ಲಿನ ಮೇಲೆ ದೇಹವಿಲ್ಲ. ಬರಿದಾದ ಕೋಣೆಗಳನ್ನು ಒಂದಾದ ಮೇಲೊಂದರಂತೆ ತೋರಿಸುತ್ತ, ಹಿನ್ನೆಲೆಯಲ್ಲಿ ಅವನ ಉಸಿರಾಟವನ್ನು ಕೇಳಿಸುತ್ತ ಚಿತ್ರ ಮುಗಿಯುತ್ತದೆ.

ಭರತನು ಹೇಳುವ ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಸ್ಮೃತಿಯೂ ಒಂದು; ಬಂದು ಹೋಗುವುದು ಅದರ ಸ್ವಭಾವ. ಭಯಾನಕ ರಸಕ್ಕೆ ಸ್ಥಾಯಿಯಾದುದು ಭಯ. 1978ರ ಚಿತ್ರ ಈ ಲಕ್ಷಣಕ್ಕೆ ಒಪ್ಪುವಂಥದು. ಆದರೆ ಬದುಕಿ ಉಳಿದವಳ ಮುಂದಿನ ಬಾಳನ್ನು ಚಿತ್ರಿಸಹೊರಟೊಡನೆ ಈ ಕ್ರಮ ತಲೆಕೆಳಗಾಗುತ್ತದೆ. ಅಲ್ಲಿ ಭಯವು ಬಂದು ಹೋಗುತ್ತದೆ; ಸ್ಮೃತಿ ನೆಲೆನಿಲ್ಲುತ್ತದೆ. ಈ ಬದಲಾವಣೆಯನ್ನು ಗಂಭೀರವಾಗಿ ನಿರ್ವಹಿಸಲು ಯತ್ನಿಸಿದ ಉತ್ತರಭಾಗಗಳು ಎರಡು: ಸ್ಟೀವ್ ಮೈನರ್ ನಿರ್ದೇಶಿಸಿದ 1998ರ ‘ಹ್ಯಾಲೋವೀನ್ ಎಚ್ 20’ ಮತ್ತು ಡೇವಿಡ್ ಗಾರ್ಡನ್ ಗ್ರೀನ್ ನಿರ್ದೇಶಿಸಿದ 2018ರ ‘ಹ್ಯಾಲೋವೀನ್’. ಎರಡರಲ್ಲಿಯೂ ಲಾರಿಯ ಪಾತ್ರವನ್ನು ಮೂಲಚಿತ್ರದ ನಟಿ ಜೇಮಿ ಲೀ ಕರ್ಟಿಸ್ ಅವರೇ ವಹಿಸಿದ್ದಾರೆ. ಆದರೆ ಕಥೆ ಮಾತ್ರ ಒಂದೇ ಅಲ್ಲ. ಲಾರಿ ಮೈಕಲನ ತಂಗಿಯೆಂದು 1981ರ ಎರಡನೆಯ ಚಿತ್ರ ಹೇಳಿತ್ತು. 1998ರ ಚಿತ್ರ ಅದನ್ನು ಒಪ್ಪಿಕೊಂಡು ಮುಂದಿನವನ್ನು ಬಿಟ್ಟುಬಿಡುತ್ತದೆ. 2018ರದು ಮೂಲಚಿತ್ರವೊಂದನ್ನುಳಿದು ಮಿಕ್ಕೆಲ್ಲವನ್ನೂ ಅಳಿಸಿಹಾಕುತ್ತದೆ. ವಾಲ್ಮೀಕಿಯ ಉತ್ತರಕಾಂಡದಲ್ಲಿ ಭೂಮಿಯನ್ನು ಸೇರುವ ಸೀತೆ ಭವಭೂತಿಯ ನಾಟಕದಲ್ಲಿ ರಾಮನನ್ನು ಕೂಡಿಕೊಳ್ಳುವುದನ್ನು ಬಲ್ಲ ನಮಗೆ ಇದು ವಿಚಿತ್ರವೆನಿಸಬೇಕಾಗಿಲ್ಲ. ಒಂದೇ ಗಾಯದಿಂದ ಹುಟ್ಟಿದ ಎರಡು ಬಾಳುಗಳನ್ನು ಹೋಲಿಸಿ ನೋಡುವ ಅವಕಾಶ ಇಲ್ಲಿ ದೊರೆಯುತ್ತದೆ.

1998ರ ಚಿತ್ರದ ಲಾರಿ ಅಡಗಿಕೊಂಡವಳು. ತಾನು ಮೋಟಾರು ಅಪಘಾತದಲ್ಲಿ ಸತ್ತೆನೆಂದು ಲೋಕವನ್ನು ನಂಬಿಸಿ, ಕೇರಿ ಟೇಟ್ ಎಂಬ ಹೆಸರನ್ನು ತಳೆದು, ಉತ್ತರ ಕ್ಯಾಲಿಫೋರ್ನಿಯದ ಒಂದು ಖಾಸಗಿ ವಸತಿಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದಾಳೆ. ಗುಟ್ಟಾಗಿ ಕುಡಿಯುತ್ತಾಳೆ, ಔಷಧಗಳಿಲ್ಲದೆ ಅವಳಿಗೆ ನಡೆಯದು, ಕನ್ನಡಿಯಲ್ಲಿ, ಕಿಟಕಿಯ ಗಾಜಿನಲ್ಲಿ ಅವನ ಆಕೃತಿ ಕಾಣುತ್ತದೆ. ಮಗ ಜಾನನಿಗೆ ಈಗ ಹದಿನೇಳು, ಅಂದು ಅವಳಿಗಿದ್ದಷ್ಟೇ ವಯಸ್ಸು. ಸಹಪಾಠಿಗಳೊಡನೆ ಪ್ರವಾಸ ಹೋಗಲು ಸಹ ಅವನಿಗೆ ಅಪ್ಪಣೆಯಿಲ್ಲ. ಶಾಲೆಯ ಕಾರ್ಯದರ್ಶಿನಿ ನಾರ್ಮಾ ತಾಯಿಯಂತೆ ಅವಳಿಗೆ ಬುದ್ಧಿ ಹೇಳುವುದುಂಟು: ಕೆಟ್ಟದ್ದು ಎಲ್ಲರಿಗೂ ಸಂಭವಿಸಿದೆ, ಇಂದಿನ ದಿನದ ಕಡೆಗೆ ಗಮನವಿಡಬೇಕು ಎಂದು. ಈ ಪಾತ್ರವನ್ನು ವಹಿಸಿದವರು ಜೇಮಿ ಲೀ ಅವರ ನಿಜವಾದ ತಾಯಿ ಜ್ಯಾನೆಟ್ ಲೀ. 1960ರ ‘ಸೈಕೋ’ ಚಿತ್ರದಲ್ಲಿ ಸ್ನಾನಗೃಹದಲ್ಲಿ ಕೊಲೆಯಾದ ನಾಯಿಕೆ ಇವರೇ. ಪರದೆಯ ಮೇಲೆ ಹತಳಾದ ತಾಯಿ, ಪರದೆಯ ಮೇಲೆ ಉಳಿದ ಮಗಳಿಗೆ ಸಾಂತ್ವನ ಹೇಳುವ ಈ ಸನ್ನಿವೇಶ ವಿನೋದಕ್ಕಾಗಿ ಯೋಜಿತವಾದುದಾದರೂ ವಿನೋದವನ್ನು ಮೀರಿದ ಅರ್ಥವನ್ನು ಪಡೆದಿದೆ.

ಈ ಚಿತ್ರದ ಪರಾಕಾಷ್ಠೆ ಯಾವುದು? ಕೊಡಲಿಯ ಪೆಟ್ಟು ಎಂದು ಸಾಮಾನ್ಯವಾದ ಉತ್ತರ. ಅದಕ್ಕಿಂತ ಮುಂಚಿನ ಎರಡು ಘಟ್ಟಗಳು ಹೆಚ್ಚು ಮುಖ್ಯವೆಂದು ನಮಗೆ ತೋರುತ್ತದೆ. ಒಂದು, ತಾನು ಪ್ರೀತಿಸುವ ಸಹೋದ್ಯೋಗಿ ವಿಲ್‌ಗೆ ಅವಳು ತನ್ನ ನಿಜವಾದ ಹೆಸರನ್ನು ಹೇಳಿಬಿಡುವುದು. ಕೊಲೆಗಾರ ಎದುರಾಗುವುದಕ್ಕೆ ಮೊದಲೇ ಇದು ನಡೆಯುತ್ತದೆ. ಅಡಗಿದ್ದವಳು ಹೊರಗೆ ಬಂದದ್ದು ಈ ಮಾತಿನಿಂದ. ಇನ್ನೊಂದು, ಮಗನನ್ನೂ ಅವನ ಗೆಳತಿಯನ್ನೂ ಶಾಲೆಯ ಹೆಬ್ಬಾಗಿಲಿನಿಂದಾಚೆಗೆ ಕಳುಹಿಸಿಕೊಟ್ಟ ಮೇಲೆ, ತಾನೂ ಹೋಗಬಹುದಾಗಿದ್ದರೂ ಹೋಗದೆ, ಬಾಗಿಲನ್ನು ಮುಚ್ಚಿ, ಕೊಡಲಿ ಹಿಡಿದು, ಅಣ್ಣನ ಹೆಸರನ್ನು ಕೂಗುತ್ತ ಒಳಗೆ ನಡೆಯುವುದು. ಕೊನೆಯಲ್ಲಿ ಉರುಳಿಬಿದ್ದ ವಾಹನಕ್ಕೂ ಮರಕ್ಕೂ ನಡುವೆ ಸಿಕ್ಕಿಕೊಂಡ ಮೈಕಲ್ ಅವಳ ಕಡೆಗೆ ಕೈ ಚಾಚುತ್ತಾನೆ. ಅವಳ ಕೈಯೂ ಮುಂದೆ ಬರುತ್ತದೆ, ಬೆರಳುಗಳು ಸಮೀಪಿಸುತ್ತವೆ. ಅನಂತರ ಕೊಡಲಿ ಬೀಳುತ್ತದೆ. ಲಾರಿಯನ್ನು ಕೊಲೆಗಾರನ ತಂಗಿಯನ್ನಾಗಿ ಮಾಡಿದುದು ಮೂಲಚಿತ್ರದ ಭೀತಿಯನ್ನು ಕುಗ್ಗಿಸಿತೆಂಬ ಆಕ್ಷೇಪವುಂಟು. ಅಕಾರಣವಾದ ಕೇಡಿಗಿದ್ದ ಬಲ ಸಕಾರಣವಾದುದಕ್ಕೆ ಇಲ್ಲವೆಂಬುದು ನಿಜವೇ. ಆದರೆ ಆ ಚಾಚಿದ ಕೈಯ ಕ್ಷಣಕಾಲ ಸಾಧ್ಯವಾದುದು ಆ ಸಂಬಂಧದಿಂದಲೇ. ಗತಕಾಲವು ಹೊರಗಿನ ಶತ್ರುವಾಗಿ ಮಾತ್ರ ಬರದೆ, ಕರುಣೆಯನ್ನು ಬೇಡುವ ರಕ್ತಸಂಬಂಧಿಯಾಗಿಯೂ ಬರುತ್ತದೆಂಬ ಅರಿವು ಅಲ್ಲಿದೆ.

2018ರ ಚಿತ್ರದ ಲಾರಿ ಇದಕ್ಕೆ ವಿರುದ್ಧವಾದ ಪ್ರಕೃತಿಯವಳು. ಅವಳು ಅಡಗಿಕೊಂಡಿಲ್ಲ; ನಲವತ್ತು ವರ್ಷಗಳಿಂದ ಕಾಯುತ್ತಿದ್ದಾಳೆ. ಕಾಡಿನ ಅಂಚಿನ ಅವಳ ಮನೆ ಒಂದು ಕೋಟೆ: ದೀಪಗಳು, ಬಂದೂಕುಗಳು, ಅಡುಗೆಮನೆಯ ಕೆಳಗೆ ನೆಲಮಾಳಿಗೆ. ಮಗಳು ಕರೆನ್‌ಗೆ ಬಾಲ್ಯದಲ್ಲಿಯೇ ಬಂದೂಕು ಹಿಡಿಯುವುದನ್ನು ಕಲಿಸಿದಳು. ಹನ್ನೆರಡನೆಯ ವಯಸ್ಸಿನಲ್ಲಿ ಅಧಿಕಾರಿಗಳು ಆ ಮಗುವನ್ನು ತಾಯಿಯಿಂದ ಬೇರ್ಪಡಿಸಿದರು. ಎರಡು ಮದುವೆಗಳು ಮುರಿದವು. ಹಳೆಯ ಕೊಲೆಗಳನ್ನು ಕುರಿತು ಪಾಡ್‌ಕಾಸ್ಟ್ ಮಾಡಲು ಬಂದ ಇಬ್ಬರು ಆಂಗ್ಲರಿಗೆ ಅವಳು ಮೂರು ಸಾವಿರ ಡಾಲರ್ ಪಡೆದು ಸಂದರ್ಶನ ಕೊಡುತ್ತಾಳೆ. ಆ ಕೊಲೆಗಾರ ತಪ್ಪಿಸಿಕೊಳ್ಳಲೆಂದು ದಿನವೂ ಪ್ರಾರ್ಥಿಸಿದ್ದಾಗಿ, ತಾನೇ ಅವನನ್ನು ಕೊಲ್ಲಬೇಕೆಂಬುದೇ ಅದರ ಕಾರಣವೆಂದು ಪೊಲೀಸ್ ಅಧಿಕಾರಿಗೆ ಹೇಳುತ್ತಾಳೆ. ಇಂಥವಳು ತನ್ನ ಗತಕಾಲವನ್ನು ಇನ್ನು ಎದುರಿಸಬೇಕಾಗಿದೆ ಎನ್ನುವುದು ಸರಿಯಾದ ಮಾತಾಗದು. ಅದರ ಹೊರತು ಮತ್ತೇನನ್ನೂ ಅವಳು ನೋಡಿಯೇ ಇಲ್ಲ.

ಇಲ್ಲಿ ಮೂರು ಚಿತ್ರಗಳಿಗೂ ಸಮಾನವಾದ ಒಂದು ದೃಶ್ಯವನ್ನು ಅಧ್ಯಾಪಕರು ಗಮನಿಸಬೇಕು. 1978ರ ಚಿತ್ರದಲ್ಲಿ ವಿಧಿಯ ಸ್ವರೂಪವನ್ನು ಕುರಿತ ಪಾಠ ನಡೆಯುತ್ತಿರುವಾಗ ಲಾರಿ ಕಿಟಕಿಯಾಚೆ ನೋಡುತ್ತಾಳೆ. ಅಲ್ಲಿ ಮುಖವಾಡದ ಮನುಷ್ಯ ನಿಂತಿದ್ದಾನೆ. 1998ರಲ್ಲಿ ಲಾರಿಯೇ ಅಧ್ಯಾಪಕಿ. ಪಾಠ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿ. ಕಳೆದುಕೊಳ್ಳುವುದಕ್ಕೆ ಮತ್ತೇನೂ ಇಲ್ಲವಾದ ಮೇಲೆ ವಿಕ್ಟರ್ ತನ್ನ ರಾಕ್ಷಸನನ್ನು ಎದುರಿಸಹೊರಟನೆಂದು ವಿದ್ಯಾರ್ಥಿನಿಯೊಬ್ಬಳು ವಿವರಿಸುತ್ತಾಳೆ. ಉತ್ತರವನ್ನು ಕಲಿಯಬೇಕಾದವಳು ಪ್ರಶ್ನೆ ಕೇಳಿದವಳೇ. 2018ರಲ್ಲಿ ಮೊಮ್ಮಗಳು ಆಲಿಸನ್ ತರಗತಿಯಲ್ಲಿ ಕುಳಿತಿದ್ದಾಳೆ. ಮತ್ತೆ ವಿಧಿಯ ಪಾಠ. ಅವಳೂ ಕಿಟಕಿಯಾಚೆ ನೋಡುತ್ತಾಳೆ. ಹಿಂದೆ ಕೊಲೆಗಾರ ನಿಂತಿದ್ದ ಸ್ಥಾನದಲ್ಲಿ ಈಗ ನಿಂತಿರುವವಳು ಅಜ್ಜಿ. ಕೊನೆಯ ಹೋರಾಟದಲ್ಲಿಯೂ ಹೀಗೆಯೇ: ಮೊಗಸಾಲೆಯಿಂದ ಕೆಳಗೆ ಬಿದ್ದವಳು ಲಾರಿ; ಮೈಕಲ್ ಮತ್ತೆ ಬಗ್ಗಿ ನೋಡಿದಾಗ ಹುಲ್ಲಿನ ಮೇಲೆ ಅವಳಿಲ್ಲ. ಇವನ್ನು ಕೇವಲ ಅಭಿಮಾನಿಗಳ ಸಂತೋಷಕ್ಕಾಗಿ ಮಾಡಿದ ಅನುಕರಣಗಳೆಂದು ತಳ್ಳಿಹಾಕಲಾಗದು. ಕೊಲೆಗಾರನನ್ನು ನಿರೀಕ್ಷಿಸುತ್ತ ಕುಳಿತವಳು ಕ್ರಮೇಣ ಅವನ ಸ್ಥಾನವನ್ನೇ ಆಕ್ರಮಿಸಿದ್ದಾಳೆಂಬುದನ್ನು ದೃಶ್ಯಗಳು ಹೇಳುತ್ತಿವೆ. ಆ ಮಗಳಿಗೆ, ಆ ಮೊಮ್ಮಗಳಿಗೆ ದಿನನಿತ್ಯ ಕಿಟಕಿಯಾಚೆ ನಿಂತಿದ್ದ ಭಯವೆಂದರೆ ಮೈಕಲ್ ಅಲ್ಲ, ಲಾರಿ.

ಮುಕ್ತಾಯದಲ್ಲಿ ಈ ತಿಳಿವು ಉಳಿಯುತ್ತದೆಯೆ? ನೆಲಮಾಳಿಗೆಯಿಂದ ಕರೆನ್ ಅಸಹಾಯಳಂತೆ ಅತ್ತು ಮೈಕಲನನ್ನು ಎದುರಿಗೆ ಬರಮಾಡಿಕೊಂಡು ಗುಂಡು ಹಾರಿಸುತ್ತಾಳೆ. ಆಶ್ರಯವೆಂದು ಕಂಡ ನೆಲಮಾಳಿಗೆ ಬಲೆಯಾಗಿ ಪರಿಣಮಿಸುತ್ತದೆ; ಕೊಲೆಗಾರನನ್ನು ಒಳಗೆ ಕೂಡಿ ಮನೆಗೆ ಬೆಂಕಿಯಿಡಲಾಗುತ್ತದೆ. ಪ್ರೇಕ್ಷಕರು ಹರ್ಷಪಡುವ ಈ ಘಟ್ಟದಲ್ಲಿ ತಾಯಿಯ ನಲವತ್ತು ವರ್ಷಗಳ ಕಾಠಿಣ್ಯವೆಲ್ಲ ಸರಿಯೆಂದು ಸಿದ್ಧವಾಗುತ್ತದೆ; ಕಳೆದುಹೋದ ಬಾಲ್ಯಕ್ಕಾಗಿ ಮಗಳು ಹೊತ್ತಿದ್ದ ದೂರು ಉತ್ತರವಿಲ್ಲದೆ ಉಳಿಯುತ್ತದೆ. ಆದರೂ ಕಡೆಯ ಚಿತ್ರಿಕೆಯಲ್ಲಿ ನಿರ್ದೇಶಕರು ಒಂದು ಸಂದೇಹವನ್ನು ಇಟ್ಟಿದ್ದಾರೆ: ವಾಹನದಲ್ಲಿ ಮೂವರು ಸ್ತ್ರೀಯರು ಕುಳಿತಿದ್ದಾರೆ, ರಕ್ತಸಿಕ್ತವಾದ ಚೂರಿ ಮೊಮ್ಮಗಳ ಕೈಯಲ್ಲಿದೆ.

ನಮ್ಮ ವಾದಕ್ಕೆ ಒಂದು ಆಕ್ಷೇಪ ಬರಬಹುದು. ಕೊಲೆಗಾರ ನಿಜವಾಗಿಯೂ ಬಂದನಲ್ಲವೆ? ಹಾಗಾದರೆ ಅವಳ ಸಿದ್ಧತೆಯನ್ನು ರೋಗವೆನ್ನುವುದು ಹೇಗೆ? ಹೆಣ್ಣೊಬ್ಬಳು ತನಗಾದ ಹಿಂಸೆಯನ್ನು ಹೇಳಿಕೊಂಡಾಗ ಮರೆತುಬಿಡು ಎಂದು ಉಪದೇಶಿಸುವ ಲೋಕದ ಪಕ್ಷವನ್ನು ವಿಮರ್ಶಕರೂ ವಹಿಸಬೇಕೆ? ಇದು ತೂಕವುಳ್ಳ ಆಕ್ಷೇಪ. ಮರೆಯಬೇಕೆಂದು ನಾವು ಹೇಳುತ್ತಿಲ್ಲ. ಆತ್ಮರಕ್ಷಣೆಯ ಹಕ್ಕನ್ನು ಅಲ್ಲಗಳೆಯುತ್ತಲೂ ಇಲ್ಲ. ನಮ್ಮ ಪ್ರಶ್ನೆ ಇಷ್ಟೇ: ಗತವನ್ನು ಎದುರಿಸುವುದೆಂದರೆ ಎದುರಾಳಿಯನ್ನು ಕೊಲ್ಲುವುದೇ, ಅಥವಾ ಅವನ ಸುತ್ತ ಕಟ್ಟಿಕೊಂಡ ಬಾಳನ್ನು ಕಳಚಿಹಾಕುವುದೇ? ಎಚ್ 20ರ ಲಾರಿ ತನ್ನ ಹೆಸರನ್ನು ಹೇಳಿದಾಗ ಎರಡನೆಯದನ್ನು ಮಾಡಿದಳು, ಕೊಡಲಿಯೆತ್ತಿದುದು ಆಮೇಲೆ. 2018ರ ಲಾರಿಯ ಮನೆ ಸುಟ್ಟಾಗ ಆ ಬಾಳೂ ಸುಟ್ಟುಹೋಗಬಹುದಾಗಿತ್ತು. ಆದರೆ ಸುಡುವುದಕ್ಕೆಂದೇ ಕಟ್ಟಿದ ಮನೆಯದು. ಕಲೆಗಾರಿಕೆಯಲ್ಲಿ 2018ರ ಚಿತ್ರವೇ ಮೇಲೆಂದು ಒಪ್ಪಿಯೂ, ಬದುಕಿ ಉಳಿದವಳ ಅಂತರಂಗವನ್ನು ಬಲ್ಲದ್ದು 1998ರದು ಎಂದು ನಾವು ತೀರ್ಮಾನಿಸುತ್ತೇವೆ.

ಈ ತೀರ್ಮಾನಕ್ಕೆ ಇನ್ನೊಂದು ಸಂಗತಿಯನ್ನು ಸೇರಿಸಬೇಕಾಗಿದೆ. ಬಿಡುಗಡೆಯ ಕಥೆಯನ್ನು ಹೇಳುವುದಕ್ಕೆ ಉತ್ತರಭಾಗವೆಂಬ ಪ್ರಕಾರವೇ ಅಡ್ಡಿಯಾಗುತ್ತದೆ. ಹಣ ತರುವವನು ಕೊಲೆಗಾರ. ಅವನು ಮರಳಿ ಬರಲೇಬೇಕು. ಎಚ್ 20ರಲ್ಲಿ ಶಿರಚ್ಛೇದವಾದವನು ಮೈಕಲನೇ ಅಲ್ಲ, ಮುಖವಾಡ ತೊಡಿಸಲ್ಪಟ್ಟ ನಿರಪರಾಧಿಯಾದ ಒಬ್ಬ ಅರೆವೈದ್ಯಕೀಯ ಸಿಬ್ಬಂದಿಯೆಂದು 2002ರ ‘ಹ್ಯಾಲೋವೀನ್: ರೆಸರೆಕ್ಷನ್’ ಹೇಳಿತು, ಆ ಚಿತ್ರದ ಮೊದಲ ಭಾಗದಲ್ಲಿಯೇ ಲಾರಿಯನ್ನು ಕೊಂದೂಬಿಟ್ಟಿತು. ಚಾಚಿದ ಆ ಕೈಯ ಅರ್ಥ ಅಲ್ಲಿಗೆ ಹಾಳಾಯಿತು. 2018ರಲ್ಲಿ ಗೆದ್ದ ಕರೆನ್ 2021ರ ‘ಹ್ಯಾಲೋವೀನ್ ಕಿಲ್ಸ್’ ಚಿತ್ರದ ಕೊನೆಯಲ್ಲಿ ಹತಳಾದಳು. 2022ರ ‘ಹ್ಯಾಲೋವೀನ್ ಎಂಡ್ಸ್’ ಚಿತ್ರದಲ್ಲಿ ಊರ ಜನರೆಲ್ಲರ ಸಮಕ್ಷಮದಲ್ಲಿ ಮೈಕಲನ ದೇಹವನ್ನು ಯಂತ್ರಕ್ಕೆ ಕೊಟ್ಟು ಚೂರುಚೂರು ಮಾಡಬೇಕಾಯಿತು. ಅಷ್ಟಾಗದೆ ಪ್ರೇಕ್ಷಕರು ನಂಬರೆಂಬ ಶಂಕೆ ನಿರ್ಮಾಪಕರಿಗೆ ಇದ್ದಿರಬೇಕು. ಆ ಕೊನೆಯ ಚಿತ್ರದಲ್ಲಿ ಲಾರಿ ಕೋಟೆಯನ್ನು ಬಿಟ್ಟು ಸಾಮಾನ್ಯವಾದ ಮನೆಯೊಂದರಲ್ಲಿ ಮೊಮ್ಮಗಳೊಡನೆ ವಾಸಿಸುತ್ತ, ತನ್ನ ಬಾಳಿನ ಕಥೆಯನ್ನು ತಾನೇ ಬರೆಯುತ್ತಿದ್ದಾಳೆ. ಚಿತ್ರ ಈ ಬರವಣಿಗೆಗೆ ಹೆಚ್ಚಿನ ಸ್ಥಾನವನ್ನು ಕೊಟ್ಟಿಲ್ಲ. 1998ರ ಲಾರಿ ಹೆಸರನ್ನು ನುಡಿದು ಆರಂಭಿಸಿದ ಕಾರ್ಯವನ್ನು ಮುಂದುವರಿಸಬಹುದಾಗಿದ್ದುದು ಅಲ್ಲಿಂದಲೇ. ಈ ಪ್ರಭೇದವನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗಳು ಕೊಲೆಗಳ ಸಂಖ್ಯೆಯನ್ನೂ ವಿಧಾನವನ್ನೂ ಬಿಟ್ಟು, ಉಳಿದವಳಿಗೆ ಮಾತನಾಡಲು ಯಾವ ಚಿತ್ರ ಎಷ್ಟು ಅವಕಾಶವಿತ್ತಿದೆ ಎಂಬುದನ್ನು ಪರಿಶೀಲಿಸುವುದು ಉಪಯುಕ್ತವಾದೀತೆಂದು ನಾವು ನಂಬುತ್ತೇವೆ.